ಕುಡಿತ ಬಿಟ್ಟ ಮೇಲೂ ಅಪ್ಪಾಜಿಗೆ ಮರೆವು, ಗೊಂದಲ: ಇದು ವಯಸ್ಸಿನದ್ದಾ?

ಪ್ರಶ್ನೆ (ನಿಟ್ಟುವಳ್ಳಿ, ದಾವಣಗೆರೆ):
ನಮಸ್ಕಾರ ಡಾಕ್ಟ್ರೇ. ನಮ್ಮ ಅಪ್ಪಾಜಿಗೆ ಈಗ 63. ಕಾಟನ್ ಮಿಲ್‌ನಲ್ಲಿ ಕೆಲಸ ಮಾಡುತ್ತಿದ್ದರು. ಮಿಲ್ ಮುಚ್ಚಿದ ಮೇಲೆ ಕುಡಿತ ಜಾಸ್ತಿ ಆಯ್ತು. ಮೊದಲು ಸಾರಾಯಿ, 2007ರಲ್ಲಿ ಅದು ಬಂದ್ ಆದ ಮೇಲೆ ಕ್ವಾರ್ಟರ್. ಹೋದ ದೀಪಾವಳಿಯಿಂದ ಪೂರ್ತಿ ಬಿಟ್ಟಿದ್ದಾರೆ. ಬಿಟ್ಟ ಮೇಲೆ ಸರಿ ಹೋಗಬೇಕಿತ್ತು ಅಲ್ವಾ? ಇಲ್ಲಿ ಉಲ್ಟಾ ಆಗಿದೆ. ತಿಂಡಿ ತಿಂದು ಕೈ ತೊಳೆದವರು ಸ್ವಲ್ಪ ಹೊತ್ತಿಗೇ "ಇವತ್ತು ತಿಂಡಿನೇ ಕೊಟ್ಟಿಲ್ಲ" ಅಂತಾರೆ. ಬೆಳಿಗ್ಗೆ ಎಲ್ಲಿದ್ರಿ ಅಂದ್ರೆ, "ಮಿಲ್‌ಗೆ ಹೋಗಿದ್ದೆ, ಫಸ್ಟ್ ಶಿಫ್ಟ್" ಅಂತಾರೆ. ಹೊಸಿಲು ದಾಟಿರುವುದಿಲ್ಲ! ಅಣ್ಣನಿಗೆ ಸಿಟ್ಟು, "ಸುಳ್ಳು ಹೇಳೋ ಚಾಳಿ ಇನ್ನೂ ಹೋಗಿಲ್ಲ" ಅಂತ ಬೈತಾನೆ. ಈಗ ಒಂದು ವಾರದಿಂದ ಗೋಡೆ ಹಿಡಿದು ನಡೀತಾರೆ, ಹಗಲೆಲ್ಲ ತೂಕಡಿಕೆ. ಊಟವೂ ಸೇರುತ್ತಿಲ್ಲ. ಹತ್ತಿರದ ಕ್ಲಿನಿಕ್‌ನಲ್ಲಿ ವೀಕ್‌ನೆಸ್ ಅಂತ ಎರಡು ಬಾಟ್ಲಿ ಗ್ಲೂಕೋಸ್ ಹಾಕಿ ಕಳಿಸಿದರು. ಅರಳುಮರಳು ಅಂತ ಸುಮ್ನಿರೋದಾ? ನಿಮ್ಹಾನ್ಸ್‌ಗೆ ಕರ್ಕೊಂಡು ಹೋಗೋದಾ?

ಉತ್ತರ (ಮನೋವೈದ್ಯರು):
ಸುಮ್ಮನಿರಬೇಡಿ ಅಮ್ಮಾ. ನಿಮ್ಹಾನ್ಸ್ ವಿಷಯ ಆಮೇಲೆ ನೋಡೋಣ. ಬೆಂಗಳೂರಿನ ತನಕ ಹೋಗುವಷ್ಟು ಹೊತ್ತು ಕಾಯುವ ಕೇಸ್ ಅಲ್ಲ ಇದು. ಇವತ್ತೇ ಚಿಗಟೇರಿ ಜಿಲ್ಲಾ ಆಸ್ಪತ್ರೆಗೋ, ಯಾವುದಾದರೂ ಮೆಡಿಕಲ್ ಕಾಲೇಜ್ ಆಸ್ಪತ್ರೆಗೋ ಕರೆದುಕೊಂಡು ಹೋಗಿ. ಓಪಿಡಿ ಚೀಟಿಗೆ ಕ್ಯೂ ನಿಲ್ಲಬೇಡಿ, ನೇರ ಕ್ಯಾಶುವಾಲ್ಟಿಗೆ ಹೋಗಿ.

ವಯಸ್ಸಿನ ಮರೆವು ವರ್ಷಗಟ್ಟಲೆ ನಿಧಾನಕ್ಕೆ ಬರುತ್ತದೆ. ಒಂದು ವಾರದಲ್ಲಿ ನಡಿಗೆ ತಪ್ಪಿ ತೂಕಡಿಕೆ ಹತ್ತಿದರೆ ಅದಕ್ಕೆ ಬೇರೆ ಕಾರಣ ಇರುತ್ತದೆ. ತುಂಬಾ ವರ್ಷ ಕುಡಿದವರಲ್ಲಿ ನಾನು ಮೊದಲು ಯೋಚಿಸುವುದು ಮೂರು.

ಒಂದು, ಥಯಾಮಿನ್ ಕೊರತೆ, ಅಂದರೆ ಬಿ1 ವಿಟಮಿನ್. ಇದು ದೇಹದಲ್ಲಿ ಎರಡು ಮೂರು ವಾರಕ್ಕೆ ಆಗುವಷ್ಟು ಮಾತ್ರ ಕೂಡಿಟ್ಟಿರುತ್ತದೆ. ಮಂಡಕ್ಕಿ-ಮಿರ್ಚಿ ನೆಂಚಿಕೊಂಡು ಕುಡಿದು, ಊಟ ಬಿಟ್ಟು ಮಲಗುವವರಲ್ಲಿ ಅದೂ ಉಳಿದಿರುವುದಿಲ್ಲ. ಕುಡಿತ ಬಿಟ್ಟರೂ ಊಟ ಸೇರದಿದ್ದರೆ ಕೊರತೆ ಹಾಗೇ ಮುಂದುವರಿಯುತ್ತದೆ. ಗೊಂದಲ, ಕಾಲು ಅಗಲಿಸಿ ತೂರಾಡುವ ನಡಿಗೆ, ಕಣ್ಣುಗುಡ್ಡೆ ಅದುರುವುದು ಅಥವಾ ಎರಡೆರಡಾಗಿ ಕಾಣುವುದು ಇದರ ಲಕ್ಷಣ. ಇದನ್ನು ಜರ್ಮನಿಯ ವೈದ್ಯ ಕಾರ್ಲ್ ವೆರ್ನಿಕೆ 1881ರಲ್ಲೇ ಬರೆದಿಟ್ಟಿದ್ದಾರೆ. ಮೂರೂ ಒಟ್ಟಿಗೆ ಕಾಣುವುದು ಕಡಿಮೆ, ಅದಕ್ಕೇ ತಪ್ಪಿಹೋಗುತ್ತದೆ.

ಆ ಗ್ಲೂಕೋಸ್ ಬಾಟ್ಲಿ ಬಗ್ಗೆ ಒಂದು ಮಾತು. ನಮ್ಮ ಕಡೆ ಸುಸ್ತು ಅಂದರೆ ಸಾಕು, ಬಾಟ್ಲಿ ತೂಗುಹಾಕಿಬಿಡುತ್ತಾರೆ. ಗ್ಲೂಕೋಸ್ ಬಳಸಿಕೊಳ್ಳಲು ದೇಹಕ್ಕೆ ಥಯಾಮಿನ್ ಬೇಕು. ಇಲ್ಲದವರಿಗೆ ಬರೀ ಗ್ಲೂಕೋಸ್ ಏರಿಸಿದರೆ ಉಳಿದಿದ್ದ ಚೂರೂ ಖರ್ಚಾಗಿ ಮೆದುಳಿಗೆ ಪೆಟ್ಟು ಬೀಳಬಹುದು. ಶುಗರ್ ತೀರಾ ಇಳಿದಿದ್ದರೆ ಗ್ಲೂಕೋಸ್ ತಡ ಮಾಡುವಂತಿಲ್ಲ, ಆಗ ಎರಡನ್ನೂ ಜೊತೆಗೇ ಕೊಡುತ್ತಾರೆ. ಹಾಗಾಗಿ ಕ್ಯಾಶುವಾಲ್ಟಿಯಲ್ಲಿ ಬಾಯಿಬಿಟ್ಟು ಹೇಳಿ: "ವರ್ಷಗಟ್ಟಲೆ ಕುಡಿಯುತ್ತಿದ್ದರು, ಊಟ ಸೇರುತ್ತಿಲ್ಲ, ಥಯಾಮಿನ್ ಕೊಟ್ಟಿಲ್ಲ." ಮರ್ಯಾದೆ ಹೋಗುತ್ತೆ ಅಂತ ಕುಡಿತದ ವಿಷಯ ಮುಚ್ಚಿಡಬೇಡಿ. ಶುರುವಿಗೆ ಥಯಾಮಿನ್ ಅನ್ನು ಇಂಜೆಕ್ಷನ್ನಾಗಿಯೇ ಕೊಡಬೇಕು. ಕುಡಿದು ಕೆಟ್ಟ ಕರುಳು ಮಾತ್ರೆಯನ್ನು ಸರಿಯಾಗಿ ಹೀರಿಕೊಳ್ಳುವುದಿಲ್ಲ.

ಎರಡು, ತಲೆಯೊಳಗೆ ರಕ್ತ. ಕುಡಿದವರ ಮೆದುಳು ಸ್ವಲ್ಪ ಕುಗ್ಗಿರುತ್ತದೆ, ಸಣ್ಣ ಪೆಟ್ಟಿಗೂ ರಕ್ತನಾಳ ಹರಿದು ರಕ್ತ ನಿಧಾನಕ್ಕೆ ಸೇರಿಕೊಳ್ಳುತ್ತದೆ. ಬಿದ್ದು ಹಲವು ವಾರ ಕಳೆದ ಮೇಲೆ ಗೊತ್ತಾಗುವುದೂ ಉಂಟು. ಎಲ್ಲಾದರೂ ಬಿದ್ದಿದ್ದರಾ?

ಮೂರು, ಲಿವರ್ ಕೆಟ್ಟು ಮೆದುಳು ಮಂಕಾಗುವುದು. ಹಗಲು ನಿದ್ದೆ, ರಾತ್ರಿ ಎಚ್ಚರ, ಕೈ ಚಾಚಿದರೆ ಅಂಗೈ ಪಟಪಟ ಬಡಿದುಕೊಳ್ಳುವುದು, ಮಲಬದ್ಧತೆ ಇದ್ದರೆ ಅದನ್ನೂ ಹೇಳಿ. ಸೋಡಿಯಂ, ಶುಗರ್, ಬಿ12, ಥೈರಾಯ್ಡ್ ಅಲ್ಲಿ ಅವರೇ ನೋಡುತ್ತಾರೆ.

ಪ್ರಶ್ನೆ ಕೇಳಿದವರು:
ಹೌದು ಡಾಕ್ಟ್ರೇ, ಶಿವರಾತ್ರಿ ಹೊತ್ತಿಗೆ ಬಚ್ಚಲಲ್ಲಿ ಜಾರಿದ್ದರು. ರಕ್ತ ಬಂದಿರಲಿಲ್ಲ, ಅರಿಶಿನ ಹಚ್ಚಿ ಬಿಟ್ಟಿದ್ವಿ. ಈಗ ಹೊರಡ್ತೀವಿ.

ಹೊಳಲ್ಕೆರೆಯಿಂದ ಒಬ್ಬರು:
ಸರ್, ನಮ್ಮ ಮಾವನೂ ಇದೇ ಥರ. ಅವರು ಬಿಟ್ಟು ಮೂರೇ ದಿನ. ರೂಮಿನಲ್ಲಿ ಕೂಡಿ ಹಾಕಿದ್ದೀವಿ. ಗೋಡೆ ಮೇಲೆ ಹುಳ ಹರಿದಾಡ್ತಿದೆ ಅಂತ ಕೂಗ್ತಾರೆ, ಕೈ ನಡುಗುತ್ತೆ.

ಉತ್ತರ:
ಬಾಗಿಲು ತೆಗೆಯಿರಿ, 108ಕ್ಕೆ ಫೋನ್ ಮಾಡಿ. ಇದು ಮರೆವಲ್ಲ, ದಿಢೀರ್ ಬಿಟ್ಟಿದ್ದಕ್ಕೆ ಬರುವ ಸನ್ನಿ. ಕೊನೆಯ ಕುಡಿತದಿಂದ ಎರಡರಿಂದ ನಾಲ್ಕು ದಿನದೊಳಗೆ ಶುರುವಾಗುತ್ತದೆ, ಫಿಟ್ಸ್ ಬರಬಹುದು, ಜೀವವೂ ಹೋಗಬಹುದು. ಚಿತ್ರದುರ್ಗದ ಜಿಲ್ಲಾ ಆಸ್ಪತ್ರೆಯಲ್ಲಿ ಅಡ್ಮಿಟ್ ಮಾಡಿಸಿ. ಸಮಾಧಾನ ಆಗಲಿ ಅಂತ ಒಂದು ಪೆಗ್ ಕೊಡುವುದೂ ಬೇಡ, ಮೆಡಿಕಲ್ ಶಾಪ್‌ನ ನಿದ್ದೆ ಮಾತ್ರೆಯೂ ಬೇಡ. ಕುಡಿತ ಬಿಡಿಸಲು ಊಟದಲ್ಲಿ ಗೊತ್ತಿಲ್ಲದ ಹಾಗೆ ಬೆರೆಸುವ ಪುಡಿ ಏನಾದರೂ ಕೊಟ್ಟಿದ್ದರೆ ಆ ಪೊಟ್ಟಣವನ್ನೂ ತೆಗೆದುಕೊಂಡು ಹೋಗಿ.

ಪ್ರಶ್ನೆ ಕೇಳಿದವರು (ಎರಡು ವಾರದ ನಂತರ):
ಸಿಟಿ ಸ್ಕ್ಯಾನ್‌ನಲ್ಲಿ ರಕ್ತ ಕಟ್ಟಿದ್ದು ಕಂಡಿತು. ತಲೆಬುರುಡೆಯಲ್ಲಿ ಸಣ್ಣ ತೂತು ಮಾಡಿ ತೆಗೆದರು. ಥಯಾಮಿನ್ ಇಂಜೆಕ್ಷನ್ನೂ ಕೊಟ್ಟರು. ಈಗ ಗೋಡೆ ಹಿಡಿಯದೆ ನಡೀತಾರೆ, ತೂಕಡಿಕೆ ಇಲ್ಲ. ಆದರೆ ಫಸ್ಟ್ ಶಿಫ್ಟ್ ಕಥೆ ಮಾತ್ರ ಹೋಗಿಲ್ಲ. ಅಣ್ಣ ಹೇಳಿದ್ದೇ ಸರಿನಾ?

ಉತ್ತರ:
ಅಣ್ಣ ಹೇಳಿದ್ದು ಸರಿ ಅಲ್ಲ. ಸುಳ್ಳು ಹೇಳುವವನಿಗೆ ನಿಜ ಗೊತ್ತಿರುತ್ತದೆ. ನಿಮ್ಮ ಅಪ್ಪಾಜಿಗೆ ಬೆಳಿಗ್ಗೆ ಏನಾಯಿತು ಅನ್ನುವುದು ಮನಸ್ಸಿನಲ್ಲಿ ದಾಖಲಾಗಿಯೇ ಇಲ್ಲ. ಆ ಖಾಲಿ ಜಾಗಕ್ಕೆ ಮೆದುಳು ಹಳೆಯ ನೆನಪೊಂದನ್ನು ತಂದು ಕೂರಿಸುತ್ತದೆ. ಅವರ ಮಟ್ಟಿಗೆ ಇವತ್ತು ಅವರು ಮಿಲ್‌ಗೆ ಹೋಗಿ ಬಂದದ್ದು ಸತ್ಯವೇ. ಇದಕ್ಕೆ ಕೊರ್ಸಕಾಫ್ ಕಾಯಿಲೆ ಅನ್ನುತ್ತಾರೆ. ಥಯಾಮಿನ್ ಕೊರತೆ ಬಹಳ ದಿನ ಉಳಿದಾಗ ಬರುವಂಥದ್ದು. ಹಳೆಯದು ಚೆನ್ನಾಗಿ ನೆನಪಿರುತ್ತದೆ, ಹೊಸದು ನಿಲ್ಲುವುದಿಲ್ಲ. ಮಾತು ಎಷ್ಟು ಸಲೀಸಾಗಿರುತ್ತದೆ ಅಂದರೆ ಹೊರಗಿನವರಿಗೆ ಕಾಯಿಲೆ ಅಂತಲೇ ಅನಿಸುವುದಿಲ್ಲ. ಕುಡಿಯದೆ, ಊಟ-ಔಷಧಿ ಸರಿಯಾಗಿದ್ದರೆ ಒಂದೆರಡು ವರ್ಷದವರೆಗೂ ನಿಧಾನಕ್ಕೆ ಸುಧಾರಿಸುತ್ತಾ ಹೋಗಬಹುದು. ಹಲವರಿಗೆ ಅರ್ಧಂಬರ್ಧ ಉಳಿಯುತ್ತದೆ, ಕೆಲವರಿಗೆ ಏನೂ ಬದಲಾಗುವುದಿಲ್ಲ. ಇದನ್ನು ಮನೆಯವರಿಗೆ ಮೊದಲೇ ಹೇಳಿಬಿಡುವುದು ಒಳ್ಳೆಯದು.

"ನೆನಪಿದೆಯಾ, ಹೇಳಿ ನೋಡೋಣ" ಅಂತ ಪರೀಕ್ಷೆ ಮಾಡಬೇಡಿ. "ತಿಂಡಿ ಆಯ್ತು ಅಪ್ಪಾಜಿ, ಇವತ್ತು ಅವಲಕ್ಕಿ ತಿಂದ್ರಿ" ಅಂತ ನೀವೇ ಹೇಳಿಬಿಡಿ. ಗೋಡೆಗೆ ಒಂದು ಬೋರ್ಡ್ ಹಾಕಿ ದಿನ, ತಾರೀಖು, ಮಾತ್ರೆ, ಊಟ ಆದಾಗ ಟಿಕ್ ಮಾಡಿ. ಕನ್ನಡಕ, ಚಪ್ಪಲಿ ದಿನಾ ಒಂದೇ ಜಾಗದಲ್ಲಿರಲಿ. ಎಟಿಎಂ ಕಾರ್ಡ್, ಗ್ಯಾಸ್ ಸ್ಟವ್ ನಿಮ್ಮ ಕೈಯಲ್ಲಿರಲಿ. ಜೇಬಿನಲ್ಲಿ ಫೋನ್ ನಂಬರ್ ಬರೆದ ಚೀಟಿ ಇಡಿ. ರಾಗಿ, ಜೋಳ, ಕಾಳು, ಶೇಂಗಾ ಜಾಸ್ತಿ ಕೊಡಿ. ಪಾಲಿಶ್ ಅಕ್ಕಿಯಲ್ಲಿ ಥಯಾಮಿನ್ ಕಡಿಮೆ. ಹಾಗಂತ ಮುದ್ದೆ ತಿಂದರೆ ಸಾಕು ಅಂತ ಮಾತ್ರೆ ನಿಲ್ಲಿಸಬೇಡಿ.

ಚನ್ನಗಿರಿಯಿಂದ ಒಬ್ಬರು:
ಎಲೆ ಅಡಿಕೆ ಹಾಕಬಹುದಾ ಸರ್? ನಮ್ಮ ಕಡೆ ಅದಿಲ್ಲದೆ ಊಟ ಮುಗಿಯಲ್ಲ.

ಉತ್ತರ:
ಅಡಿಕೆ, ಟೀ ಎರಡಕ್ಕೂ ಥಯಾಮಿನ್ ಕೆಡಿಸುವ ಗುಣ ಇದೆ. ಅಡಿಕೆ ಬಿಟ್ಟರೆ ಒಳ್ಳೆಯದು, ಬಾಯಿಗೂ. ಟೀ ಊಟದ ಜೊತೆಗೆ ಬೇಡ.

ಪ್ರಶ್ನೆ ಕೇಳಿದವರು:
ಒಂದೇ ಕೊನೇದು. ಯುಗಾದಿ ಮಾರನೇ ದಿನ ಹೊಸತೊಡಕಿಗೆ ಚಿಕ್ಕಪ್ಪಂದಿರು ಬರ್ತಾರೆ. ಒಂದು ದಿನ ಸ್ವಲ್ಪ ತಗೊಂಡ್ರೆ ಏನಾಗಲ್ಲ ಬಿಡು ಅಂತಿದ್ದಾರೆ.

ಉತ್ತರ:
ಬೇಡ. ಅವರಿಗೆ ಒಂದು ಪೆಗ್ ಕುಡಿದದ್ದೇ ನೆನಪಿರುವುದಿಲ್ಲ, ಎರಡನೆಯದು, ಮೂರನೆಯದು ಎಲ್ಲವೂ ಮೊದಲನೆಯದೇ ಅನಿಸುತ್ತದೆ. ಚಿಕ್ಕಪ್ಪಂದಿರು ಒಪ್ಪದಿದ್ದರೆ ಬಾಟ್ಲಿ ಮನೆಯೊಳಗೆ ತರಬಾರದು ಅಂತ ಮೊದಲೇ ಹೇಳಿ. ಮನೆಯವರಿಗೇ ತಲೆ ಕೆಟ್ಟು ಮಾತಾಡಬೇಕು ಅನಿಸಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್ 14416ಕ್ಕೆ ಫೋನ್ ಮಾಡಿ, ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. ಮುಂದಿನ ಸಲ ತೋರಿಸಲು ಬರುವಾಗ ಅಣ್ಣನನ್ನೂ ಕರೆದುಕೊಂಡು ಬನ್ನಿ.