ಭದ್ರಾವತಿಯಲ್ಲಿ ಕಲ್ಲಿದ್ದಲು ಎಲ್ಲಿತ್ತು? ಮಗಳ ಉತ್ತರಪತ್ರಿಕೆಯಲ್ಲೊಂದು ಕೆಂಪು ಗೆರೆ

ಹತ್ತನೇ ಕ್ಲಾಸಿನ ಅಮ್ಮ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಮಗಳು ಹತ್ತನೇ ತರಗತಿ. ಕಿರುಪರೀಕ್ಷೆಯಲ್ಲಿ ನಾಲ್ಕು ಅಂಕದ ಪ್ರಶ್ನೆಯೊಂದು ಬಂದಿತ್ತು: ಭದ್ರಾವತಿಯಲ್ಲಿ ಕಬ್ಬಿಣ ಮತ್ತು ಉಕ್ಕಿನ ಕಾರ್ಖಾನೆ ಸ್ಥಾಪನೆಯಾಗಲು ಕಾರಣಗಳನ್ನು ಬರೆಯಿರಿ. ಇವಳು ಬರೆದದ್ದು ಹೀಗೆ: "ಕಬ್ಬಿಣದ ಅದಿರು ಮತ್ತು ಕಲ್ಲಿದ್ದಲು ಹೇರಳವಾಗಿ ದೊರೆಯುತ್ತದೆ, ನೀರಿನ ಸೌಲಭ್ಯವಿದೆ, ಸಾರಿಗೆ ಸೌಲಭ್ಯವಿದೆ, ಅಗ್ಗದ ಕಾರ್ಮಿಕರು ಸಿಗುತ್ತಾರೆ, ಮಾರುಕಟ್ಟೆ ಇದೆ." ಟೀಚರ್ 'ಕಲ್ಲಿದ್ದಲು' ಅನ್ನೋ ಪದದ ಕೆಳಗೆ ಎರಡು ಸಲ ಕೆಂಪು ಗೆರೆ ಎಳೆದು ಒಂದೂವರೆ ಅಂಕ ಕೊಟ್ಟಿದ್ದಾರೆ.

ಬೈಯೋಣ ಅಂತ ನೋಟ್‌ಬುಕ್ ತಿರುವಿದೆ. ಸಕ್ಕರೆ ಕಾರ್ಖಾನೆಗೂ ಇದೇ ಉತ್ತರ, ಹತ್ತಿ ಗಿರಣಿಗೂ ಇದೇ ಉತ್ತರ. ಮೊದಲ ಪದ ಮಾತ್ರ ಬದಲು. ಆಮೇಲೆ ನನಗೇ ನಾಚಿಕೆಯಾಯಿತು, ಯಾಕೆಂದರೆ ನಾನೂ ಹೀಗೇ ಬರೆದು ಪಾಸಾದವಳು. ಕರ್ನಾಟಕದಲ್ಲಿ ಕಲ್ಲಿದ್ದಲು ಇಲ್ಲ ಅಂತ ನನಗೂ ಗೊತ್ತು. ಹಾಗಾದರೆ ಭದ್ರಾವತಿಯಲ್ಲಿ ಕಬ್ಬಿಣ ಕರಗಿಸಿದ್ದು ಯಾತರಿಂದ? ಅವಳು ಕೇಳಿದಳು, ನಾನು ಒಲೆ ಮೇಲೆ ಹಾಲಿದೆ ಅಂತ ಎದ್ದು ಹೋದೆ.

ಬಾಯಿಪಾಠ ಬೇಡ, ಅರ್ಥವಾಗುವ ಹಾಗೆ ಯಾರಾದರೂ ಹೇಳಿ.

ಲಾಸ್ಟ್ ಬೆಂಚ್

ಮೇಡಂ, ಅಷ್ಟೆಲ್ಲ ತಲೆ ಕೆಡಿಸ್ಕೋಬೇಡಿ. ಕಚ್ಚಾವಸ್ತು, ಶಕ್ತಿ, ನೀರು, ಸಾರಿಗೆ, ಕಾರ್ಮಿಕರು, ಮಾರುಕಟ್ಟೆ, ಬಂಡವಾಳ, ಸರ್ಕಾರ. ಮೊದಲಕ್ಷರ ಜೋಡಿಸಿ: ಕಶನೀಸಾ ಕಾಮಾಬಂಸ. ಮಂತ್ರದ ಥರ ಹೇಳಿಸಿ. ಯಾವ ಕಾರ್ಖಾನೆ ಕೇಳಿದರೂ ಇದೇ ಬರೆಯೋದು. ನಾನು ಹಾಗೇ ಪಾಸಾಗಿದ್ದು.

ಸೀಮೆಸುಣ್ಣ

ಲಾಸ್ಟ್ ಬೆಂಚ್ ಅವರ ಮಂತ್ರ ಪಾಸಾಗೋಕೆ ಸಾಕು, ಅದರಲ್ಲಿ ಅನುಮಾನವಿಲ್ಲ. ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಹೇಳಿದವನು ನಾನು. ಮೌಲ್ಯಮಾಪನಕ್ಕೆ ಕೂತಾಗ ಆ ಮಂತ್ರವನ್ನು ಒಂದೇ ದಿನದಲ್ಲಿ ನಲವತ್ತು ಸಲ ಓದಿದ್ದೂ ಉಂಟು.

ಮೇಡಂ, ಮಗಳಿಗೆ ಪಟ್ಟಿ ಕೊಡಬೇಡಿ, ಒಂದೇ ಪ್ರಶ್ನೆ ಕೊಡಿ: ಈ ಕಾರ್ಖಾನೆಗೆ ಬೇಕಾದ್ದರಲ್ಲಿ ಯಾವುದನ್ನು ದೂರ ಹೊತ್ತರೆ ನಷ್ಟ? ನಾನು ತರಗತಿಗೆ ಒಂದು ಕಬ್ಬಿನ ಜಲ್ಲೆಯನ್ನೂ ಒಂದು ಹಿಡಿ ಸಕ್ಕರೆಯನ್ನೂ ಒಯ್ಯುತ್ತಿದ್ದೆ. ಹತ್ತು ಟನ್ ಕಬ್ಬು ನುರಿಸಿದರೆ ಸಿಗುವ ಸಕ್ಕರೆ ಸುಮಾರು ಒಂದು ಟನ್. ಉಳಿದದ್ದು ನೀರು, ಸಿಪ್ಪೆ, ಕಾಕಂಬಿ. ಒಂಬತ್ತು ಟನ್ ಸುಮ್ಮನೆ ಯಾರು ಹೊರುತ್ತಾರೆ? ಅದೂ ಅಲ್ಲದೆ ಕಡಿದ ಕಬ್ಬು ಬಿಸಿಲಲ್ಲಿ ಒಣಗುತ್ತ ಹೋದಂತೆ ಸಕ್ಕರೆಯ ಅಂಶ ಇಳಿಯುತ್ತದೆ, ದಿನ ತಡವಾದರೂ ನಷ್ಟ. ಹಾಗಾಗಿ ಸಕ್ಕರೆ ಕಾರ್ಖಾನೆ ಕಬ್ಬಿನ ಗದ್ದೆ ಬಿಟ್ಟು ಕದಲುವುದಿಲ್ಲ. ಮಂಡ್ಯದ ಕಾರ್ಖಾನೆ 1933ರಲ್ಲಿ ಬಂತು. ಕನ್ನಂಬಾಡಿ ಕಟ್ಟೆಯ ನಾಲೆ ನೀರು ಆ ಸೀಮೆಗೆ ಹರಿದು ಕಬ್ಬು ಬೆಳೆದ ಮೇಲೆ ಬಂದದ್ದು, ಮೊದಲಲ್ಲ. ಶಕ್ತಿಗೆ ಏನು ಮಾಡುತ್ತಾರೆ ಅಂತ ಮಗಳನ್ನು ಕೇಳಿ. ಸಿಪ್ಪೆಯನ್ನೇ ಬಾಯ್ಲರಿಗೆ ಹಾಕಿ ಉರಿಸುತ್ತಾರೆ. ಆದ್ದರಿಂದ ಸಕ್ಕರೆಯ ಉತ್ತರದಲ್ಲಿ 'ಕಲ್ಲಿದ್ದಲು ಹತ್ತಿರ' ಅಂತ ಬರೆದರೆ ನಾನೂ ಕೆಂಪು ಗೆರೆ ಎಳೆಯುತ್ತೇನೆ.

ಈಗ ಹತ್ತಿ. ಒಂದು ಕ್ವಿಂಟಲ್ ಹಿಂಜಿದ ಹತ್ತಿ ತಂದರೆ ಹೆಚ್ಚುಕಡಿಮೆ ಒಂದು ಕ್ವಿಂಟಲ್ ನೂಲೇ ಆಗುತ್ತದೆ. ಹೊರೆ ಕರಗುವುದಿಲ್ಲ. ಹತ್ತಿ ಹೊತ್ತರೂ ಅಷ್ಟೇ, ಬಟ್ಟೆ ಹೊತ್ತರೂ ಅಷ್ಟೇ. ಆದ್ದರಿಂದ ಗಿರಣಿಗೆ ಹೊಲದ ಹಂಗಿಲ್ಲ, ಬೇರೆ ಸವಲತ್ತು ಎಲ್ಲಿದೆಯೋ ಅಲ್ಲಿಗೆ ಹೋಗುತ್ತದೆ. ಮುಂಬೈಯಲ್ಲಿ 1850ರ ದಶಕದಲ್ಲಿ ಗಿರಣಿಗಳು ಶುರುವಾದವು. ಯಂತ್ರಗಳು ಇಂಗ್ಲೆಂಡಿನಿಂದ ಹಡಗಿನಲ್ಲಿ ಬರಬೇಕಿತ್ತು, ಬಂದರು ಇತ್ತು, ವ್ಯಾಪಾರಿಗಳ ಬಳಿ ಹಣವಿತ್ತು. ಮೇಲೆ ಸಮುದ್ರದ ತೇವದ ಗಾಳಿ. ಒಣಗಾಳಿಯಲ್ಲಿ ನೂಲು ಗರಿಗರಿಯಾಗಿ ಪಟಪಟ ಹರಿಯುತ್ತದೆ, ತೇವವಿದ್ದರೆ ಬಾಗುತ್ತದೆ. ವಾಯುಗುಣ ಕೈಗಾರಿಕೆಯ ಮೇಲೆ ಪ್ರಭಾವ ಬೀರುತ್ತದೆ ಅಂತ ಪುಸ್ತಕದಲ್ಲಿ ಒಂದೇ ಸಾಲಿನಲ್ಲಿ ಮುಗಿಸುವುದರ ಒಳಗೆ ಇರುವುದು ಇದು. ಆಮೇಲೆ ಗಿರಣಿಯೊಳಗೇ ತೇವ ಚಿಮುಕಿಸುವ ಯಂತ್ರ ಬಂತು, ಒಣಹವೆಯ ಅಹಮದಾಬಾದಿನಲ್ಲೂ ಕೊಯಮತ್ತೂರಿನಲ್ಲೂ ಗಿರಣಿಗಳು ಜೋರಾದವು. ಅಂದರೆ 1860ಕ್ಕೆ ಸರಿಯಾದ ಉತ್ತರ 1960ಕ್ಕೆ ಅರ್ಧ ಸರಿ.

ಭದ್ರಾವತಿ ನನ್ನ ಮೆಚ್ಚಿನ ಪ್ರಶ್ನೆ, ಯಾಕೆಂದರೆ ಅಲ್ಲಿ ಮಂತ್ರ ಕೆಲಸ ಮಾಡುವುದಿಲ್ಲ. ಮೊದಲು ಜಮ್‌ಷೆಡ್‌ಪುರ ನೋಡಿ. ಗೊರುಮಹಿಸಾನಿಯ ಅದಿರು ಒಂದು ಕಡೆ, ಝರಿಯಾದ ಕಲ್ಲಿದ್ದಲು ಇನ್ನೊಂದು ಕಡೆ, ನಡುವೆ ಸುವರ್ಣರೇಖಾ ಮತ್ತು ಖರ್ಕಾಯಿ ಕೂಡುವ ಜಾಗ. ಎರಡೂ ಹೊರೆ ಭಾರದವೇ, ಅದಕ್ಕೇ ಮಧ್ಯೆ ಕೂತಿತು. ಮೈಸೂರು ಸಂಸ್ಥಾನಕ್ಕೆ ಆ ಭಾಗ್ಯ ಇರಲಿಲ್ಲ. ಕೆಮ್ಮಣ್ಣುಗುಂಡಿಯಲ್ಲಿ ಅದಿರಿತ್ತು, ಸುಣ್ಣಕಲ್ಲು ಹತ್ತಿರವಿತ್ತು, ಭದ್ರಾ ನದಿ ಇತ್ತು, ಬೀರೂರು–ಶಿವಮೊಗ್ಗ ರೈಲು ಇತ್ತು. ಕಲ್ಲಿದ್ದಲು ಇರಲಿಲ್ಲ, ಕಾಡು ಇತ್ತು. 1923ರಲ್ಲಿ ಅಲ್ಲಿನ ಊದುಕುಲುಮೆ (ಗಾಳಿ ಊದಿ ಅದಿರು ಕರಗಿಸುವ ಕುಲುಮೆ) ಹೊತ್ತಿಕೊಂಡದ್ದು ಇದ್ದಿಲಿನಿಂದ. ಮಲೆನಾಡಿನ ಮರ ಸುಟ್ಟು ಮಾಡಿದ ಇದ್ದಿಲು, ಕಲ್ಲಿನ ಇದ್ದಿಲಲ್ಲ. ಕಾರ್ಖಾನೆಯ ಮೊದಲ ಹೆಸರನ್ನೇ ನೋಡಿ: ಮೈಸೂರ್ ವುಡ್ ಡಿಸ್ಟಿಲೇಶನ್ ಅಂಡ್ ಐರನ್ ವರ್ಕ್ಸ್. ಮರ ಮೊದಲು, ಕಬ್ಬಿಣ ಆಮೇಲೆ. ಮರವನ್ನು ಮುಚ್ಚಿದ ಪಾತ್ರೆಯಲ್ಲಿ ಕಾಯಿಸಿದರೆ ಇದ್ದಿಲಿನ ಜೊತೆಗೆ ಟಾರು, ಮರದ ಸ್ಪಿರಿಟ್ ಕೂಡ ಸಿಗುತ್ತದೆ, ಅದನ್ನೂ ಮಾರುತ್ತಿದ್ದರು.

ಇದ್ದಿಲಿಗೆ ಅಲ್ಲಿ ಎರಡು ಕೆಲಸ. ಒಂದು, ಕಾವು ಕೊಡುವುದು. ಇನ್ನೊಂದು, ಅದಿರಿಗೆ ಅಂಟಿಕೊಂಡ ಆಮ್ಲಜನಕವನ್ನು ಕಿತ್ತುಕೊಳ್ಳುವುದು. ಎರಡನೆಯದನ್ನು ಮಕ್ಕಳಿಗೆ ಯಾರೂ ಹೇಳುವುದಿಲ್ಲ, ಅದಕ್ಕೇ ಬರೀ ಬೆಂಕಿ ಸಾಕು ಅಂದುಕೊಂಡುಬಿಡುತ್ತಾರೆ.

1948ರಲ್ಲಿ ಜೋಗದ ವಿದ್ಯುತ್ ಬಂತು. 1950ರ ದಶಕದಲ್ಲಿ ಭದ್ರಾವತಿಗೆ ವಿದ್ಯುತ್ ಕುಲುಮೆಗಳು ಬಂದವು. ಕಾವು ಕೊಡುವ ಕೆಲಸ ಕರೆಂಟಿಗೆ ಹೋಯಿತು, ಆಮ್ಲಜನಕ ಕೀಳುವುದಕ್ಕೆ ಮಾತ್ರ ಇದ್ದಿಲು ಉಳಿಯಿತು, ಕಾಡಿನ ಮೇಲಿನ ಹೊರೆ ಇಳಿಯಿತು. ಹಾಗಾಗಿ ಉತ್ತರದಲ್ಲಿ 'ಕಲ್ಲಿದ್ದಲು' ಬದಲು 'ಮಲೆನಾಡಿನ ಮರದಿಂದ ಇದ್ದಿಲು, ನಂತರ ಜೋಗದ ಜಲವಿದ್ಯುತ್' ಅಂತ ಬರೆಯಲಿ. ಆ ಟೀಚರ್ ಎರಡು ಸಲ ಗೆರೆ ಎಳೆದದ್ದು ಸಿಟ್ಟಿಗಲ್ಲ, ಹುಡುಗಿ ಒಮ್ಮೆ ನಿಂತು ಯೋಚಿಸಲಿ ಅಂತ ಇರಬೇಕು.

ಹತ್ತನೇ ಕ್ಲಾಸಿನ ಅಮ್ಮ

ಮೇಷ್ಟ್ರೇ, ತುಂಬಾ ಥ್ಯಾಂಕ್ಸ್. ಮಗಳಿಗೆ ಪೂರ್ತಿ ಓದಿಸಿದೆ. ಅವಳ ಮರುಪ್ರಶ್ನೆ ಹಾಗೇ ಟೈಪ್ ಮಾಡ್ತಿದೀನಿ: "ಕಲ್ಲಿದ್ದಲು ಭಾರ, ಸರಿ. ಕರೆಂಟು ತಂತೀಲಿ ಬರುತ್ತೆ, ತೂಕಾನೇ ಇಲ್ಲ. ಮತ್ಯಾಕೆ ಕಾರ್ಖಾನೆ ಜಲವಿದ್ಯುತ್ ಹತ್ತಿರ ಇರ್ಬೇಕು?" ನನಗಂತೂ ಉತ್ತರ ಹೊಳೆಯಲಿಲ್ಲ.

ಕಿಲೋವಾಟ್

ಈ ಪ್ರಶ್ನೆ ನನ್ನದು. ವಿದ್ಯುತ್ ಪ್ರಸರಣದ ಕೆಲಸದಲ್ಲಿ ಇಪ್ಪತ್ತು ವರ್ಷ ಇದ್ದೇನೆ, ಹುಡುಗಿಗೆ ಶಹಬ್ಬಾಸ್ ಹೇಳಿ.

ಅವಳು ಹೇಳಿದ್ದು ಬಹುಪಾಲು ಸರಿ. 1902ರಲ್ಲಿ ಶಿವನಸಮುದ್ರದಲ್ಲಿ ವಿದ್ಯುತ್ ತಯಾರಾಗಿ ನೂರೈವತ್ತು ಕಿಲೋಮೀಟರಿನಷ್ಟು ದೂರದ ಕೋಲಾರದ ಚಿನ್ನದ ಗಣಿಗೆ ಹೋಯಿತು. ಆ ಕಾಲಕ್ಕೆ ಅದು ಜಗತ್ತಿನ ಅತಿ ಉದ್ದದ ತಂತಿಮಾರ್ಗಗಳಲ್ಲಿ ಒಂದು. ಬೆಂಗಳೂರಿನ ಬೀದಿದೀಪ ಹೊತ್ತಿದ್ದು 1905ರಲ್ಲಿ, ಗಣಿಗೆ ಹೋದ ಮೂರು ವರ್ಷದ ಮೇಲೆ. ಗಣಿಯನ್ನು ಜಲಪಾತದ ಬಳಿಗೆ ಎತ್ತಿಕೊಂಡು ಹೋಗಲು ಆಗುತ್ತದೆಯೇ? ಜಲಪಾತವೇ ತಂತಿ ಹಿಡಿದು ಗಣಿಗೆ ಬಂತು. ನೀಲಗಿರಿಯ ಪೈಕಾರದ ಕರೆಂಟು 1930ರ ದಶಕದಲ್ಲಿ ಬಯಲಿಗೆ ಇಳಿದಾಗ ಕೊಯಮತ್ತೂರಿನ ಗಿರಣಿಗಳಿಗೂ ಹೀಗೇ ಆಯಿತು.

ಆದರೆ ವಿದ್ಯುತ್ತನ್ನೇ ಕಚ್ಚಾವಸ್ತುವಿನ ಹಾಗೆ ತಿನ್ನುವ ಕಾರ್ಖಾನೆಗಳಿವೆ. ಒಂದು ಟನ್ ಅಲ್ಯೂಮಿನಿಯಂ ತೆಗೆಯಲು 14,000 ಯೂನಿಟ್ ಆಸುಪಾಸು ಕರೆಂಟು ಬೇಕು. ನಿಮ್ಮ ಮನೆಯ ಬಿಲ್ ತೆಗೆದು ತಿಂಗಳಿಗೆ ಎಷ್ಟು ಯೂನಿಟ್ ಅಂತ ಅವಳಿಗೆ ತೋರಿಸಿ, ಭಾಗಿಸಲಿ. ಇಷ್ಟು ಕರೆಂಟು ಅಗ್ಗವಾಗಿ, ಬಿಡದೆ ಸಿಗುವಲ್ಲಿಗೇ ಸ್ಮೆಲ್ಟರ್, ಅಂದರೆ ಲೋಹ ತೆಗೆಯುವ ಘಟಕ, ಹೋಗಬೇಕು. ಒಡಿಶಾದಲ್ಲಿ ಇದು ಕಣ್ಣಿಗೆ ಕಾಣುವ ಹಾಗಿದೆ. ಪಂಚಪಟ್ಮಲಿ ಬೆಟ್ಟದಲ್ಲಿ ಬಾಕ್ಸೈಟ್, ಅಂದರೆ ಅಲ್ಯೂಮಿನಿಯಂನ ಅದಿರು. ಅದರ ಪಕ್ಕದ ದಾಮನಜೋಡಿಯಲ್ಲಿ ಅದನ್ನು ಶುದ್ಧ ಮಾಡಿ ಅಲ್ಯೂಮಿನಾ ಎಂಬ ಪುಡಿ ಮಾಡುತ್ತಾರೆ, ಅಲ್ಲಿಗೇ ಅರ್ಧಕ್ಕಿಂತ ಹೆಚ್ಚು ತೂಕ ಕಳೆಯುತ್ತದೆ. ಆ ಪುಡಿ ರೈಲಿನಲ್ಲಿ ಎಷ್ಟೋ ದೂರದ ಅಂಗುಲ್‌ಗೆ ಹೋಗಿ ಲೋಹವಾಗುತ್ತದೆ, ಯಾಕೆಂದರೆ ಅಂಗುಲ್ ಪಕ್ಕದಲ್ಲೇ ತಾಲ್ಚೇರಿನ ಕಲ್ಲಿದ್ದಲು, ಅದನ್ನು ಉರಿಸಿದರೆ ಕರೆಂಟು. ಒಂದೇ ಕೈಗಾರಿಕೆ, ಒಂದು ಕಾಲು ಗಣಿಯ ಬಳಿ, ಇನ್ನೊಂದು ಕಾಲು ವಿದ್ಯುತ್ತಿನ ಬಳಿ. ಐಸ್‌ಲ್ಯಾಂಡಿನಲ್ಲಿ ಬಾಕ್ಸೈಟೇ ಇಲ್ಲ, ಆದರೂ ಸ್ಮೆಲ್ಟರ್‌ಗಳಿವೆ.

ನಮ್ಮ ಬೆಳಗಾವಿಯಲ್ಲೂ ಒಂದು ಸ್ಮೆಲ್ಟರ್ ಇತ್ತು. ಬಾಕ್ಸೈಟ್ ಹತ್ತಿರವೇ ಸಿಗುತ್ತಿತ್ತು. ರಾಜ್ಯದಲ್ಲಿ ವಿದ್ಯುತ್ ಅಭಾವ ಬಂದು ಸ್ಮೆಲ್ಟರ್ ನಿಂತಿತು, ಅಲ್ಯೂಮಿನಾದ ಕೆಲಸ ಮಾತ್ರ ಮುಂದುವರಿಯಿತು. ಕರೆಂಟು ಕೆಲವು ಗಂಟೆ ಹೋದರೂ ಪಾತ್ರೆಯೊಳಗಿನ ಕರಗಿದ ದ್ರವ ಗಟ್ಟಿಯಾಗಿ ಕೂರುತ್ತದೆ, ಮತ್ತೆ ಬಿಡಿಸುವುದು ದೊಡ್ಡ ರಗಳೆ.

ಅಭಾವ ಯಾಕೆ ಬರುತ್ತಿತ್ತು ಅಂದರೆ, ಇಲ್ಲೇ ವಾಯುಗುಣದ ಪಾಠ ಬಂದು ಸೇರಿಕೊಳ್ಳುತ್ತದೆ. ಒಂದು ಕಾಲದಲ್ಲಿ ಕರ್ನಾಟಕದ ಕರೆಂಟು ಅಂದರೆ ಮಳೆ. ಶರಾವತಿಯ ಲಿಂಗನಮಕ್ಕಿ ಅಣೆಕಟ್ಟೆಯ ಪೂರ್ಣ ಮಟ್ಟ 1,819 ಅಡಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅದು ಎಷ್ಟು ತುಂಬುತ್ತದೋ ಅದರಲ್ಲೇ ಮುಂದಿನ ಜೂನ್‌ವರೆಗೆ ಸಂಸಾರ ತೂಗಿಸಬೇಕು. ಮುಂಗಾರು ಕೈಕೊಟ್ಟ ವರ್ಷ ಬೇಸಿಗೆಯಲ್ಲಿ ಮೊದಲು ಕತ್ತರಿ ಬೀಳುತ್ತಿದ್ದದ್ದು ಕೈಗಾರಿಕೆಗೆ. ಆ ಅಣೆಕಟ್ಟೆಯ ಮಟ್ಟವನ್ನು ನಾವು ಹಬ್ಬದ ದಿನವೂ ಕೇಳುತ್ತಿದ್ದೆವು, ಅತ್ತೆಮನೆಯ ಆರೋಗ್ಯ ವಿಚಾರಿಸಿದ ಹಾಗೆ.

ಅದಕ್ಕೇ 1985ರಲ್ಲಿ ರಾಯಚೂರಿನ ಶಾಖೋತ್ಪನ್ನ ಸ್ಥಾವರ ಶುರುವಾಯಿತು. ಅದು ಯಾಕೆ ರಾಯಚೂರಿನಲ್ಲಿ? ಮೇಷ್ಟ್ರ ಪ್ರಶ್ನೆಯನ್ನೇ ಹಾಕಿ ನೋಡಿ. ನಮ್ಮ ದೇಶದ ಕಲ್ಲಿದ್ದಲಿನಲ್ಲಿ ಮೂರನೇ ಒಂದು ಭಾಗದಷ್ಟು ಬೂದಿಯೇ ಇರುತ್ತದೆ, ದೂರ ಹೊತ್ತಷ್ಟೂ ಬೂದಿಗೆ ಬಾಡಿಗೆ ಕಟ್ಟಿದಂತೆ. ನೆರೆಯ ಸಿಂಗರೇಣಿಯ ಗಣಿಗೆ ರಾಜ್ಯದ ಆ ಮೂಲೆ ಹತ್ತಿರ, ರೈಲಿದೆ, ತಣಿಸಲು ಕೃಷ್ಣಾ ನದಿಯ ನೀರಿದೆ.

ಈಗ ಬಯಲುಸೀಮೆಯ ಸರದಿ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರ್ ಮೀರಿ ಮಳೆ. ಘಟ್ಟ ದಾಟಿ ಪೂರ್ವಕ್ಕೆ ಬಂದರೆ ಪಾವಗಡ, ಚಳ್ಳಕೆರೆಗಳು ಮಳೆನೆರಳಿನ ನಾಡು. ಮೋಡ ಕಡಿಮೆ, ಬೆಳೆಯೂ ಕಡಿಮೆ. ಆ ದೌರ್ಭಾಗ್ಯವೇ ಪಾವಗಡಕ್ಕೆ 2,050 ಮೆಗಾವಾಟ್‌ನ ಸೌರ ಪಾರ್ಕ್ ತಂದಿತು, ರೈತರ ಜಮೀನು ಗುತ್ತಿಗೆಗೆ ಪಡೆದು ಕಟ್ಟಿದ್ದು. ಚಿತ್ರದುರ್ಗ, ಗದಗದ ಗುಡ್ಡಗಳ ಮೇಲಿನ ಗಾಳಿಯಂತ್ರಗಳು ಜೋರಾಗಿ ತಿರುಗುವುದು ಮುಂಗಾರಿನ ತಿಂಗಳುಗಳಲ್ಲಿ. ಅದೇ ಗಾಳಿ, ಮಳೆಯನ್ನು ಘಟ್ಟದಲ್ಲಿ ಇಳಿಸಿ ಬರಿಗೈಯಲ್ಲಿ ಬಂದದ್ದು. ಸಂಜೆ ಸೂರ್ಯ ಮುಳುಗಿ ಎಲ್ಲರ ಮನೆಯ ದೀಪ ಹತ್ತುವ ಹೊತ್ತಿಗೆ ನಾವು ಮತ್ತೆ ಶರಾವತಿಯನ್ನೇ ಕೇಳುತ್ತೇವೆ, ನೀರಿನ ಯಂತ್ರ ಕೆಲವೇ ನಿಮಿಷಗಳಲ್ಲಿ ಎದ್ದು ನಿಲ್ಲುತ್ತದೆ.

ಲಾಸ್ಟ್ ಬೆಂಚ್

ನನ್ನ ಮಂತ್ರ ವಾಪಸ್ ತಗೊಂಡಿದೀನಿ. ಒಂದು ಡೌಟು ಮೇಷ್ಟ್ರೇ: ತೋರಣಗಲ್ಲಿನಲ್ಲಿ ದೊಡ್ಡ ಉಕ್ಕಿನ ಕಾರ್ಖಾನೆ ಇದೆಯಲ್ಲ, ಅಲ್ಲೂ ಕಲ್ಲಿದ್ದಲು ಇಲ್ಲ. ಅಲ್ಲಿ ಇದ್ದಿಲೂ ಇಲ್ಲ, ಕಾಡೂ ಇಲ್ಲ.

ಸೀಮೆಸುಣ್ಣ

ಒಳ್ಳೆಯ ಡೌಟು. ಸಂಡೂರು–ಹೊಸಪೇಟೆಯ ಅದಿರು ಕಾಲಡಿಯಲ್ಲೇ ಇದೆ, ಕಲ್ಲಿದ್ದಲು ಸಮುದ್ರ ದಾಟಿ ಬಂದರಿಗೆ ಬಂದು ಅಲ್ಲಿಂದ ರೈಲು ಹತ್ತುತ್ತದೆ. ಶುರುವಿನಲ್ಲಿ ಅವರು ಕೋರೆಕ್ಸ್ ಎಂಬ ವಿಧಾನ ತಂದರು, ಅದಕ್ಕೆ ಝರಿಯಾದಂಥ, ಕಾಯಿಸಿ ಕೋಕ್ (ಗಟ್ಟಿ ಇಂಗಾಲದ ಇಂಧನ) ಮಾಡಬಹುದಾದ ಕಲ್ಲಿದ್ದಲೇ ಬೇಕೆಂದಿಲ್ಲ. ಕುಲುಮೆಗಳು ಸುಧಾರಿಸಿದ ಹಾಗೆ ಒಂದು ಟನ್ ಕಬ್ಬಿಣಕ್ಕೆ ಬೇಕಾದ ಇಂಧನ ಕಡಿಮೆಯಾಗುತ್ತ ಬಂದಿದೆ, ಆದ್ದರಿಂದ ಕಲ್ಲಿದ್ದಲ ಗಣಿಗಿಂತ ಬಂದರಿನ ದಾರಿ ಮುಖ್ಯವಾಯಿತು. ವಿಶಾಖಪಟ್ಟಣ ಕಡಲಂಚಿಗೇ ಹೋಗಿ ಕೂತದ್ದು ಅದಕ್ಕೇ. ಭದ್ರಾವತಿ ಸೊರಗಿದ್ದಕ್ಕೂ ಅರ್ಧ ಕಾರಣ ಇಲ್ಲೇ ಇದೆ: ಕಾಡಿನ ಇದ್ದಿಲು ಮುಗಿದ ಅಧ್ಯಾಯ, ಕೆಮ್ಮಣ್ಣುಗುಂಡಿಯ ಗಣಿ ನಿಂತಿತು. 1923ರ ಸವಲತ್ತುಗಳಲ್ಲಿ ಉಳಿದದ್ದು ನದಿ ಮತ್ತು ರೈಲು.

ಕುದುರೆಮುಖ ಮರೆತಿದ್ದೆ. ಅಲ್ಲಿನದು ಬಡ ಅದಿರು, ಕಬ್ಬಿಣದ ಅಂಶ ಕಡಿಮೆ, ಹಾಗೇ ಹೊತ್ತರೆ ಬಹುಪಾಲು ಬರೀ ಕಲ್ಲು. ಅದಕ್ಕೇ ಬೆಟ್ಟದ ಮೇಲೆಯೇ ಅರೆದು, ಸಾರ ಬೇರ್ಪಡಿಸಿ, ನೀರಿನಲ್ಲಿ ಕಲಸಿ 67 ಕಿಲೋಮೀಟರ್ ಕೊಳವೆಯಲ್ಲಿ ಮಂಗಳೂರಿಗೆ ಇಳಿಸುತ್ತಿದ್ದರು. ಲಾರಿ ಬೇಡ, ರೈಲು ಬೇಡ, ಘಟ್ಟದ ಇಳಿಜಾರು ಮತ್ತು ಮಲೆನಾಡಿನ ನೀರೇ ಸಾರಿಗೆ. ಸುಪ್ರೀಂ ಕೋರ್ಟ್ ಆದೇಶದ ಮೇಲೆ 2005ರ ಕೊನೆಗೆ ಗಣಿಗಾರಿಕೆ ನಿಂತಿತು. ಕಾಡು ಉಳಿಯಬೇಕು ಅನ್ನುವುದೂ ಈಗ ಸ್ಥಳ ನಿರ್ಧರಿಸುವ ಕಾರಣಗಳಲ್ಲಿ ಒಂದು, ಹಳೆಯ ಪಟ್ಟಿಯಲ್ಲಿ ಅದಿರಲಿಲ್ಲ.

ಹತ್ತನೇ ಕ್ಲಾಸಿನ ಅಮ್ಮ

ಮಗಳು ಮತ್ತೆ ಬರೆದಿದ್ದಾಳೆ, ನಾನು ತಿದ್ದಿಲ್ಲ: "ಕೆಮ್ಮಣ್ಣುಗುಂಡಿಯ ಅದಿರು ಭಾರವಾದ್ದರಿಂದ ಕಾರ್ಖಾನೆ ಹತ್ತಿರ ಬಂತು. ಕಲ್ಲಿದ್ದಲು ಇಲ್ಲದ್ದರಿಂದ ಮಲೆನಾಡಿನ ಮರದ ಇದ್ದಿಲು ಬಳಸಿದರು, ಆಮೇಲೆ ಜೋಗದ ವಿದ್ಯುತ್. ಭದ್ರಾ ನದಿಯ ನೀರು, ಬೀರೂರು–ಶಿವಮೊಗ್ಗ ರೈಲು, ಹತ್ತಿರದ ಸುಣ್ಣಕಲ್ಲು ಇತ್ತು. ಅಗ್ಗದ ಕಾರ್ಮಿಕರು ಇದ್ದರು." ಎಷ್ಟು ಕೊಡ್ತೀರಿ ಮೇಷ್ಟ್ರೇ?

ಸೀಮೆಸುಣ್ಣ

ಮೂರೂವರೆ. ಕೊನೆಯ ವಾಕ್ಯ ಮಂತ್ರದಿಂದ ಬಂದದ್ದು, ಅದಕ್ಕೆ ಅರ್ಧ ಕಡಿತ. ಅಗ್ಗದ ಕಾರ್ಮಿಕರು ಆಗ ಸಂಸ್ಥಾನದ ಯಾವ ಊರಿನಲ್ಲಿ ಇರಲಿಲ್ಲ ಅಂತ ಅವಳನ್ನೇ ಕೇಳಿ.

ಲಾಸ್ಟ್ ಬೆಂಚ್

ಇದೇ ಪ್ರಶ್ನೆಗೆ ನನಗೆ ಎರಡು ಬಂದಿತ್ತು ಮೇಷ್ಟ್ರೇ. ಮೌಲ್ಯಮಾಪಕರು ನೀವೇ ಆಗಿದ್ದಿರೋ ಏನೋ.