ಅಪ್‌ಡೇಟ್: ಮಾಲ್ಮೋ–ಕೋಪನ್‌ಹೇಗನ್ ರೈಲು, ದುಡ್ಡು ವಾಪಸ್ ಬಂತು

ಸ್ವೀಡನ್‌ನ ಮಾಲ್ಮೋದಲ್ಲಿ ಮನೆ, ಡೆನ್ಮಾರ್ಕ್‌ನ ಕೋಪನ್‌ಹೇಗನ್‌ನಲ್ಲಿ ಕೆಲಸ, ನಡುವೆ ಪದೇ ಪದೇ ಕೈಕೊಡುವ ರೈಲು. ಮನೆ ಬದಲಿಸಲಾ ಅಂತ ಕೇಳಿದ್ದೆ. ಉತ್ತರ ಕೊಟ್ಟ ಎಲ್ಲರಿಗೂ ಥ್ಯಾಂಕ್ಸ್.

ಸದ್ಯಕ್ಕೆ ಮನೆ ಬದಲಿಸುತ್ತಿಲ್ಲ. ನೀವು ಹೇಳಿದ ಹಾಗೆ ರೈಲು ತಡವಾದದ್ದಕ್ಕೆ ಪರಿಹಾರ ಕೇಳಿ ಅರ್ಜಿ ಹಾಕಿದೆ. ಸ್ವೀಡನ್ ಕಾನೂನಿನಲ್ಲಿ 150 ಕಿ.ಮೀ.ಗಿಂತ ಕಡಿಮೆ ದೂರದ ಪ್ರಯಾಣ 20 ನಿಮಿಷ ತಡವಾದರೆ ಅರ್ಧ ದರ ವಾಪಸ್, ಒಂದು ಗಂಟೆಯಾದರೆ ಪೂರ್ತಿ. ನನಗೂ ಅದೇ ಲೆಕ್ಕದಲ್ಲಿ ದುಡ್ಡು ಬಂತು.

ಆದರೆ ಸಂಜೆಯ ಗೋಳು ಹಾಗೇ ಇದೆ. ಮನೆಗೆ ವಾಪಸ್ ಬರುವಾಗ, ಎರಡು ದೇಶಗಳ ನಡುವಿನ ಸಮುದ್ರ ಸೇತುವೆ ದಾಟಿದ ಮೇಲೆ ಸ್ವೀಡನ್‌ನ ಮೊದಲ ನಿಲ್ದಾಣ ಹಿಲ್ಲಿಯೆ. ಅಲ್ಲಿ ಪೊಲೀಸರು ಹತ್ತಿ, ಬೋಗಿಯಿಂದ ಬೋಗಿಗೆ ಗುರುತಿನ ಪತ್ರ ನೋಡುತ್ತಾ ಬರುತ್ತಾರೆ. ನಿಂತವರೆಲ್ಲ ಒಂದು ಕೈಯಲ್ಲಿ ಕಂಬಿ ಹಿಡಿದು, ಇನ್ನೊಂದರಲ್ಲಿ ಪಾಸ್‌ಪೋರ್ಟ್ ಚಾಚಿರುತ್ತಾರೆ. ಡೇ ಕೇರ್‌ನಿಂದ ಮಗು ಕರೆತರಬೇಕಾದವರ ಚಡಪಡಿಕೆ ನೋಡಲಾಗುವುದಿಲ್ಲ. 2015ರ ನವೆಂಬರ್‌ನಲ್ಲಿ ತಾತ್ಕಾಲಿಕ ಅಂತ ಶುರುವಾದ ಗಡಿ ತಪಾಸಣೆ ಇದು!

ಕೆಟ್ಟು ನಿಂತರೆ ಬೇರೆ ರೈಲು ತಂದು ಓಡಿಸಬಾರದಾ ಅಂತ ಒಬ್ಬರು ಕೇಳಿದ್ದಿರಿ. ಅಷ್ಟು ಸುಲಭ ಇಲ್ಲ. ರೈಲಿಗೆ ಕರೆಂಟ್ ಕೊಡುವ ತಂತಿಯಲ್ಲಿ ಸ್ವೀಡನ್ ಕಡೆ 15 ಕಿಲೋವೋಲ್ಟ್, ಡೆನ್ಮಾರ್ಕ್ ಕಡೆ 25. ಸಿಗ್ನಲ್ ನಿಯಮಗಳೂ ಬೇರೆ. ಎರಡಕ್ಕೂ ಒಗ್ಗುವ ರೈಲೇ ಬೇಕು, ಎರಡೂ ಕಡೆ ಓಡಿಸಲು ಕಲಿತ ಚಾಲಕರೇ ಬೇಕು. ಇದು ಗೊತ್ತಾದ ಮೇಲೆ ಚಾಲಕರ ಮೇಲಿನ ಸಿಟ್ಟು ಹೋಯಿತು. 2000ದಲ್ಲೇ ಸೇತುವೆ ತೆರೆದು, ಬದಲಿ ರೈಲು ಸಾಕಷ್ಟು ಇಟ್ಟುಕೊಳ್ಳದವರ ಮೇಲಿನ ಸಿಟ್ಟು ಹೋಗಿಲ್ಲ.

ನೀವೂ ಇದೇ ದಾರಿಯಲ್ಲಿ ಓಡಾಡುತ್ತಿದ್ದರೆ, ತಡವಾದಾಗಲೆಲ್ಲ ಅರ್ಜಿ ಹಾಕಿ. ಸುಮ್ನೆ ಬಿಡಬೇಡಿ.