ಹನ್ನೆರಡಕ್ಕೆ ನೆತ್ತಿ ಮೇಲೆ ಸೂರ್ಯ, ಮೂರಕ್ಕೆ ಸೆಕೆ ಯಾಕೆ?

ಪ್ರಶ್ನೆ: ಮೇಡಂ, ಸೂರ್ಯ ನೆತ್ತಿಗೆ ಬರುವುದು ಹನ್ನೆರಡರ ಸುಮಾರಿಗೆ. ಸೆಕೆ ಜೋರಾಗುವುದು ಮಾತ್ರ ಎರಡು, ಮೂರು ಗಂಟೆಗೆ. ಇನ್ನೊಂದು ಅನುಮಾನ: ಮೋಡ ಕವಿದರೆ ಹಗಲು ತಂಪು, ರಾತ್ರಿ ಧಗೆ. ಅದೇ ಮೋಡ ಎರಡು ಥರ ಹೇಗೆ?

ಉತ್ತರ (ಹವಾಮಾನ ತಜ್ಞೆ): ಬಿಸಿಲು ಗಾಳಿಯನ್ನು ನೇರವಾಗಿ ಕಾಯಿಸುವುದು ಕಡಿಮೆ. ಬಿಸಿಲಿಗೆ ಮೊದಲು ಕಾಯುವುದು ನೆಲ. ಗಾಳಿ ಹೆಚ್ಚಾಗಿ ಕೆಳಗಿನಿಂದಲೇ ಕಾಯುತ್ತದೆ.

ಸೂರ್ಯನಿಂದ ಬಂದದ್ದು 100 ಪಾಲು ಅಂದುಕೊಳ್ಳಿ. ಸುಮಾರು 30 ಪಾಲು ಮೋಡ, ಗಾಳಿ, ಹಿಮ, ಮರಳಿಗೆ ಬಡಿದು ಹಾಗೇ ವಾಪಸ್ ಹೋಗುತ್ತದೆ. 20ಕ್ಕಿಂತ ಸ್ವಲ್ಪ ಜಾಸ್ತಿ ಓಝೋನ್, ನೀರಾವಿ, ಮೋಡ, ದೂಳು ಹೀರುತ್ತವೆ. ಉಳಿದದ್ದು, ಹೆಚ್ಚುಕಡಿಮೆ ಅರ್ಧ, ನೆಲ ಮತ್ತು ಸಮುದ್ರದ ಪಾಲು.

ಕಾದ ನೆಲ ಸುಮ್ನೆ ಕೂರುವುದಿಲ್ಲ. ಹಗಲೂ ರಾತ್ರಿಯೂ ಅವಗೆಂಪು ಕಿರಣ (ಕಣ್ಣಿಗೆ ಕಾಣದ ಶಾಖದ ಕಿರಣ, ಇನ್‌ಫ್ರಾರೆಡ್) ಬಿಡುತ್ತಲೇ ಇರುತ್ತದೆ. ಜಮಾ-ಖರ್ಚಿನ ಲೆಕ್ಕ ಇದು. ಹನ್ನೆರಡು ದಾಟಿದ ಮೇಲೂ ಕೆಲವು ಹೊತ್ತು ಜಮೆಯೇ ಜಾಸ್ತಿ, ಹಾಗಾಗಿ ಬಿಸಿ ಏರುತ್ತದೆ. ಖರ್ಚು ಮೀರಿದಾಗಲೇ ಇಳಿಯುವುದು. ಚಳಿ ತೀರಾ ಜಾಸ್ತಿಯಾಗುವುದು ನಡುರಾತ್ರಿಯಲ್ಲಲ್ಲ, ಸೂರ್ಯ ಹುಟ್ಟುವ ಹೊತ್ತಿಗೆ, ಅಲ್ವಾ? ಅದಕ್ಕೂ ಇದೇ ಕಾರಣ.

ಇನ್ನು ಮೋಡ. ಹಗಲಲ್ಲಿ ಬಿಸಿಲಿಗೆ ಅಡ್ಡ ಬರುತ್ತದೆ. ರಾತ್ರಿ ತಡೆಯಲು ಬಿಸಿಲೇ ಇಲ್ಲ. ಆಗ ನೆಲ ಬಿಟ್ಟ ಕಿರಣವನ್ನು ಹೀರಿ, ತಾನೂ ಕೆಳಕ್ಕೆ ಒಂದಷ್ಟು ಕಳಿಸುತ್ತದೆ.

ಪ್ರಶ್ನೆ: ಒಂದು ಲೆಕ್ಕ ಕೂಡುತ್ತಿಲ್ಲ ಮೇಡಂ. ನಾನು ನೋಡಿದ ಚಿತ್ರದಲ್ಲಿ ನೆಲ ಹೀರುವ ಬಿಸಿಲು ಚದರ ಮೀಟರಿಗೆ ಸರಾಸರಿ 160 ವ್ಯಾಟ್, ನೆಲ ಹೊರಬಿಡುವುದು 400 ವ್ಯಾಟ್ ಅಂತಿದೆ. ಅಚ್ಚಿನ ತಪ್ಪಾ?

ಉತ್ತರ: ತಪ್ಪಲ್ಲ. ಓದುವವರಲ್ಲಿ ಬಹಳ ಮಂದಿ ಇದನ್ನು ಗಮನಿಸದೆ ದಾಟಿಬಿಡುತ್ತಾರೆ, ನೀವು ಸರಿಯಾಗಿ ಹಿಡಿದಿರಿ. ಬಿಸಿಲಿನ 160ರ ಜೊತೆಗೆ ಮೇಲಿನ ಗಾಳಿ, ಮೋಡಗಳಿಂದ ನೆಲಕ್ಕೆ ಸುಮಾರು 340 ವ್ಯಾಟ್ ಅವಗೆಂಪು ಬರುತ್ತದೆ. ಒಟ್ಟು 500. ಅದರಲ್ಲಿ 400 ಕಿರಣವಾಗಿ ಹೋಗುತ್ತದೆ, 80ರಷ್ಟು ನೀರನ್ನು ಆವಿ ಮಾಡುತ್ತದೆ, ಉಳಿದದ್ದು ನೆಲಕ್ಕೆ ತಾಗಿದ ಗಾಳಿಯನ್ನು ಕಾಯಿಸಿ ಮೇಲೇರಿಸುತ್ತದೆ. ಹೊಸ ಶಕ್ತಿ ಹುಟ್ಟಿಲ್ಲ, ನೆಲ ಮತ್ತು ಗಾಳಿಯ ನಡುವೆ ಓಡಾಡುತ್ತಿದೆ ಅಷ್ಟೇ.

ಬಾಹ್ಯಾಕಾಶದಿಂದ ಅಳೆದರೆ ಬರುವ ಬಿಸಿಲೂ ಸರಾಸರಿ 340. (ಎರಡೂ 340 ಆಗಿರುವುದು ಕಾಕತಾಳೀಯ, ಬೆರೆಸಬೇಡಿ.) ಅದರಲ್ಲಿ 100 ಪ್ರತಿಫಲಿಸಿ ಹೋದರೆ ಉಳಿಯುವುದು 240. ಹೊರಹೋಗುವ ಅವಗೆಂಪು ಅದಕ್ಕಿಂತ ತುಸು ಕಡಿಮೆ. ಆ ತುಸುವೇ ಈಗ ಭೂಮಿಯನ್ನು ಬಿಸಿ ಮಾಡುತ್ತಿರುವುದು. ಹೆಚ್ಚಿನ ಪಾಲು ಸಮುದ್ರ ಸೇರುತ್ತಿದೆ.

ಪ್ರಶ್ನೆ: ಗಾಳಿಯಲ್ಲಿ ಈ ಕಿರಣ ಹಿಡಿಯುವುದು ಯಾವುದು? ಆಮ್ಲಜನಕವಾ?

ಉತ್ತರ: ಅಲ್ಲ. ಒಣ ಗಾಳಿಯ ನೂರರಲ್ಲಿ 99 ಭಾಗ ಸಾರಜನಕ, ಆಮ್ಲಜನಕ. ಅವೆರಡೂ ಅವಗೆಂಪನ್ನು ಬಹುತೇಕ ಹಾಗೇ ಬಿಟ್ಟುಬಿಡುತ್ತವೆ. ಹಿಡಿಯುವುದು ನೀರಾವಿ, ಕಾರ್ಬನ್ ಡೈಆಕ್ಸೈಡ್, ಮೀಥೇನ್‌ನಂಥವು. ವಿಜ್ಞಾನಿ ಜಾನ್ ಟಿಂಡಾಲ್ 1859ರಲ್ಲೇ ಪ್ರಯೋಗ ಮಾಡಿ ಇದನ್ನು ಅಳೆದಿದ್ದರು. ಈ ತಡೆ ಇಲ್ಲದೆ, ಇಷ್ಟೇ ಬಿಸಿಲು ಹೀರಿದ್ದರೆ ಭೂಮಿಯ ಸರಾಸರಿ ಮೈನಸ್ 18 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಇರುತ್ತಿತ್ತು. ಈಗ ಸುಮಾರು 15 ಇದೆ.